ಇರಾನ್ ಮೇಲಿನ ನಿರ್ಬಂಧ ಕಾಯಂ ಆದರೆ ಯಾರಿಗೆ ಲಾಭ, ಯಾರಿಗೆ ಬರೆ?

ಕಟ್ಟೆಪುರಾಣ
ಒಂದು ವಾರದಿಂದ ತಲೆಯಲ್ಲಿ ಕೊರೆಯುತ್ತಿದೆ, ಇಲ್ಲೇ ಕೇಳಿಬಿಡೋಣ ಅಂತ ಬಂದೆ. ಅಮೆರಿಕದಲ್ಲಿ 1996ರ ಇರಾನ್ ಸ್ಯಾಂಕ್ಷನ್ಸ್ ಆಕ್ಟ್ ಅಂತ ಒಂದು ಕಾನೂನಿದೆ. ಇರಾನ್‌ನ ತೈಲ, ಗ್ಯಾಸ್ ಕೆಲಸಕ್ಕೆ ದುಡ್ಡು ಹಾಕುವ ಬೇರೆ ದೇಶದ ಕಂಪನಿಗಳಿಗೂ ಇದರಲ್ಲಿ ಶಿಕ್ಷೆ ಇದೆ. ಮೊದಲಿಂದಲೂ ಇದಕ್ಕೆ ಗಡುವು ಇತ್ತು. ಗಡುವು ಹತ್ತಿರ ಬಂದಾಗಲೆಲ್ಲ ಮುಂದಕ್ಕೆ ಹಾಕುತ್ತಾ ಬಂದಿದ್ದಾರೆ. 2016ರಲ್ಲಿ ಹತ್ತು ವರ್ಷ ಎಳೆದರು, ಹಾಗಾಗಿ 2026ರ ಡಿಸೆಂಬರ್ 31ಕ್ಕೆ ಮುಗಿಯಬೇಕು. ಈ ಗಡುವಿನ ಸಾಲನ್ನೇ ಕಿತ್ತುಹಾಕಿ ಕಾಯಂ ಮಾಡಿ ಅಂತ ಅಲ್ಲಿ ಮಸೂದೆಗಳೂ ಬಂದಿವೆ.

ನನ್ನ ಪ್ರಶ್ನೆ ಇಷ್ಟೇ. ನಮ್ಮ ಹಳ್ಳಿಗಳಲ್ಲಿ ಹಿಂದೆ ಬಹಿಷ್ಕಾರ ಹಾಕುತ್ತಿದ್ದರಲ್ಲ, ಅದು ತಪ್ಪು, ಕಾನೂನುಬಾಹಿರ, ಅದು ಬೇರೆ ಮಾತು. ಆದರೆ ಅದರಲ್ಲೂ ದಂಡ ಕಟ್ಟಿದರೆ ಒಳಗೆ ಸೇರಿಸುತ್ತೇವೆ ಅಂತ ಒಂದು ದಾರಿ ಇರುತ್ತಿತ್ತು. ದಾರಿಯೇ ಇಲ್ಲ ಅಂದಮೇಲೆ ಹೊರಗಿರುವವನು ಯಾಕೆ ಬಗ್ಗುತ್ತಾನೆ?

ಗೋಳಿಬಜೆ ಪ್ರಿಯ
ಬಗ್ಗಲ್ಲ. ಕ್ಯೂಬಾ ನೋಡಿ. ಮುಗಿಯಿತು ಚರ್ಚೆ 😀

ಅಂಕಿಸಂಖ್ಯೆ ಶಾನುಭೋಗ
ಮುಗಿಯಲಿಲ್ಲ ಸ್ವಾಮಿ, ಈಗ ಶುರು. ಕಟ್ಟೆಪುರಾಣ ಅವರೇ, ಒಂದು ತಿದ್ದುಪಡಿ. ಈ ಕಾನೂನು ಮುಗಿದರೂ ಇರಾನ್ ಮೇಲಿನ ನಿರ್ಬಂಧಗಳು ಮುಗಿಯುವುದಿಲ್ಲ. 1979ರ ನವೆಂಬರ್‌ನಲ್ಲಿ ಟೆಹ್ರಾನ್‌ನ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ಒತ್ತೆಯಾಳುಗಳನ್ನು ಹಿಡಿದಾಗ ಆಗಿನ ಅಧ್ಯಕ್ಷ ಕಾರ್ಟರ್ 'ರಾಷ್ಟ್ರೀಯ ತುರ್ತುಸ್ಥಿತಿ' ಘೋಷಿಸಿ ಇರಾನ್ ಆಸ್ತಿ ಜಪ್ತಿ ಮಾಡಿದರು. ಆ ತುರ್ತುಸ್ಥಿತಿಯನ್ನು ಪ್ರತಿ ವರ್ಷ ನವೆಂಬರ್‌ನಲ್ಲಿ ಒಬ್ಬೊಬ್ಬ ಅಧ್ಯಕ್ಷನೂ ನವೀಕರಿಸುತ್ತಾ ಬಂದಿದ್ದಾನೆ. ನಲವತ್ತು ವರ್ಷ ದಾಟಿದ ತುರ್ತು! ಅದರ ಮೇಲೆ ಕ್ಲಿಂಟನ್ 1995ರಲ್ಲಿ ವ್ಯಾಪಾರ ನಿಷೇಧದ ಆದೇಶ ಕೂಡಿಸಿದರು. ಅಂದರೆ ಕಾಯಂ ಅನ್ನೋದು ಹೆಸರಿಗೆ ಈಗ ಬರ್ತಿದೆ, ಕೆಲಸದಲ್ಲಿ ಯಾವತ್ತೋ ಬಂದಿದೆ.

ಇನ್ನೊಂದು ತಮಾಷೆ. 1996ರ ಕಾನೂನಿನಡಿ ಮೊದಲ ಶಿಕ್ಷೆ ಆಗಿದ್ದು 2010ರಲ್ಲಿ. ಹದಿನಾಲ್ಕು ವರ್ಷ ಒಬ್ಬರ ಮೇಲೂ ಪ್ರಯೋಗ ಆಗಲಿಲ್ಲ. ಫ್ರಾನ್ಸ್‌ನ ಟೋಟಲ್ ಕಂಪನಿ 1997ರಲ್ಲಿ ಸೌತ್ ಪಾರ್ಸ್ ಗ್ಯಾಸ್‌ಗೆ ಕೈ ಹಾಕಿದಾಗ ಯುರೋಪ್ ಕೂಗಾಡಿತು, ಅಮೆರಿಕ ವಿನಾಯಿತಿ ಕೊಟ್ಟು ಸುಮ್ಮನಾಯಿತು.

ಕಟ್ಟೆಪುರಾಣ
ಶಾನುಭೋಗರೇ, ಹಾಗಾದರೆ ಗಡುವು ತೆಗೆಯುವುದಕ್ಕೆ ಯಾಕಿಷ್ಟು ಆಸಕ್ತಿ? ಇದ್ದರೇನು ಹೋದರೇನು?

ಅಂಕಿಸಂಖ್ಯೆ ಶಾನುಭೋಗ
ಆದೇಶವನ್ನು ಅಧ್ಯಕ್ಷ ಒಂದು ಸಹಿಯಲ್ಲಿ ವಾಪಸ್ ತೆಗೆಯಬಹುದು. ಕಾನೂನನ್ನು ತೆಗೆಯಲು ಕಾಂಗ್ರೆಸ್ ಬೇಕು. (ಅಮೆರಿಕದ ಕಾಂಗ್ರೆಸ್, ಅಂದರೆ ಅವರ ಸಂಸತ್ತು, ನಮ್ಮದಲ್ಲ, ರಾಜಕೀಯ ಶುರು ಮಾಡಬೇಡಿ.) ಗಡುವು ಇದ್ದರೆ ಹತ್ತು ವರ್ಷಕ್ಕೊಮ್ಮೆಯಾದರೂ ಕೂತು "ಇದರಿಂದ ಏನಾಯಿತು" ಅಂತ ಕೇಳಬೇಕಾಗುತ್ತದೆ. ಆದರೂ 2016ರಲ್ಲಿ ಕೆಳಮನೆಯಲ್ಲಿ 419–1, ಸೆನೆಟ್‌ನಲ್ಲಿ 99–0. ಒಬಾಮ ಸಹಿ ಹಾಕಲಿಲ್ಲ, ಸಹಿ ಇಲ್ಲದೆಯೇ ಕಾನೂನಾಯಿತು. ಎಷ್ಟು ಕೂತು ಯೋಚಿಸಿದರು ಅಂತ ನೀವೇ ಲೆಕ್ಕ ಹಾಕಿ.

ನೇರಮಾತು
ನಾನು ಕಾಯಂ ಪರ. ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ, ಅದಕ್ಕೆ ಹೇಳುತ್ತಿದ್ದೇನೆ. ಗಡುವು ಇಟ್ಟರೆ ಎದುರಿಗಿರುವವನು ಕ್ಯಾಲೆಂಡರ್ ನೋಡಿಕೊಂಡು ಕೂರುತ್ತಾನೆ. ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯುಸ್ಸು ಅಂತ ಗಾದೆ ಇಲ್ವಾ? ಇರಾನ್ ಸಾಕುವ ಸಶಸ್ತ್ರ ಗುಂಪುಗಳಿವೆಯಲ್ಲ, ಲೆಬನಾನಿನ ಹೆಜ್ಬೊಲ್ಲಾಗೆ ದುಡ್ಡು, ಯೆಮೆನ್‌ನ ಹೂಥಿಗಳಿಗೆ ಕ್ಷಿಪಣಿ, ಇದ್ಯಾವುದಕ್ಕೂ ಗಡುವು ಇಲ್ಲ. ನಿರ್ಬಂಧಕ್ಕೆ ಮಾತ್ರ ಯಾಕೆ?

ಮತ್ತೆ, ಅಣು ಕೆಲಸಕ್ಕೆ ಮಿತಿ ಒಪ್ಪಿದರೆ ನಿರ್ಬಂಧ ಸಡಿಲ ಅನ್ನೋ 2015ರ ಇರಾನ್ ಅಣು ಒಪ್ಪಂದ ಹೇಗೆ ಬಂತು? 2012ರಲ್ಲಿ ಅವರ ಬ್ಯಾಂಕುಗಳನ್ನು ಸ್ವಿಫ್ಟ್‌ನಿಂದ (ದೇಶದೇಶಗಳ ಬ್ಯಾಂಕುಗಳು ಹಣ ಕಳಿಸಲು ಬಳಸುವ ಸಂದೇಶ ಜಾಲ) ಹೊರಗೆ ಹಾಕಿ, ಯುರೋಪ್ ತೈಲ ಕೊಳ್ಳುವುದನ್ನು ನಿಲ್ಲಿಸಿದ ಮೇಲೆ ತಾನೇ ಮೇಜಿಗೆ ಬಂದರು? ಒಪ್ಪಂದ ಮುರಿದರೆ ವಾಪಸ್ ಹೇರುತ್ತೇವೆ ಅಂತ ಬೆದರಿಸಬೇಕಾದರೂ ಹೇರಲು ಒಂದು ಕಾನೂನು ಜೀವಂತ ಇರಬೇಕಲ್ಲ.

ಮೈಸೂರ್ ಪಾಕ ಅಲ್ಲ ಮೈಸೂರು
ನೇರಮಾತು, ನೀವು ಹೇಳಿದ 2012 ನನಗೆ ಚೆನ್ನಾಗಿ ನೆನಪಿದೆ, ಬೇರೆ ಕಾರಣಕ್ಕೆ. ಆಗ ಮೈಸೂರಿನಲ್ಲಿ ಓದುತ್ತಿದ್ದೆ. ಇರಾನಿ ಹುಡುಗರು ತುಂಬಾ ಜನ ಇದ್ದರು, ಸರಸ್ವತಿಪುರಂ ಕಡೆ ಬಾಡಿಗೆ ಮನೆ ಮಾಡಿಕೊಂಡಿರುತ್ತಿದ್ದರು. ನಮ್ಮ ಪಕ್ಕದ ಮನೆಯವನು ಪಿಎಚ್‌ಡಿ ಮಾಡುತ್ತಿದ್ದ. ಅವನ ಅಪ್ಪ ನಿವೃತ್ತ ಮೇಷ್ಟ್ರು. ಆ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಇರಾನ್ ಹಣ ರಿಯಾಲ್‌ನ ಬೆಲೆ ಬಿದ್ದುಹೋಯಿತು, ಅಪ್ಪ ಕಳಿಸುವ ದುಡ್ಡು ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗಕ್ಕೆ ಇಳಿದಿತ್ತು. ಅದೂ ಬ್ಯಾಂಕಿನಲ್ಲಿ ಬರುತ್ತಿರಲಿಲ್ಲ. ಊರಿಂದ ಬರುವ ಯಾರಾದರೂ ಡಾಲರ್ ನೋಟುಗಳನ್ನು ಪುಸ್ತಕದ ಮಧ್ಯೆ ಇಟ್ಟು ತರಬೇಕು. ಒಂದು ಸಲ ಇಲ್ಲಿನ ಒಂದು ಬ್ಯಾಂಕಿನಲ್ಲಿ ಅವನ ಖಾತೆಯನ್ನೇ ತಡೆಹಿಡಿದರು, ಪಾಸ್‌ಪೋರ್ಟ್ ನೋಡಿ. ಕೌಂಟರಿನವರಿಗೂ ಕಾರಣ ಗೊತ್ತಿರಲಿಲ್ಲ, "ಮೇಲಿಂದ ಬಂದಿದೆ" ಅಷ್ಟೇ.

ಅವನು ಕಾರು ಮಾರಿದ, ಆಮೇಲೆ ಬೈಕು ಮಾರಿದ. ಸಂಜೆ ಕುಕ್ಕರ್ ಇಲ್ಲದೆ ಪಾತ್ರೆಯಲ್ಲಿ ಅನ್ನ ಮಾಡಿ, ತಳ ಹಿಡಿದ ಗರಿಗರಿ ಪದರವನ್ನು ನಮಗೆ ಮೊದಲು ಬಡಿಸುತ್ತಿದ್ದ, ಅದು ಅವರಲ್ಲಿ ಅತಿಥಿಗೆ ಕೊಡುವ ಭಾಗವಂತೆ. ಅವನ ಅಪ್ಪ ಯಾವ ಅಣುಬಾಂಬ್ ಮಾಡುತ್ತಿದ್ದರು ಹೇಳಿ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನೇರಮಾತು
ಬೇಜಾರಿನ ಕಥೆ, ಒಪ್ಪುತ್ತೇನೆ. ಆದರೆ ರಿಯಾಲ್ ಬಿದ್ದಿದ್ದಕ್ಕೆ ಅವರ ಸರ್ಕಾರದ ಭ್ರಷ್ಟಾಚಾರ, ನೋಟು ಮುದ್ರಣ ಕಾರಣ ಅಲ್ವಾ? ಎಲ್ಲದಕ್ಕೂ ನಿರ್ಬಂಧ ಅನ್ನೋದು ಅವರ ಸರ್ಕಾರಕ್ಕೇ ಅನುಕೂಲ.

ಮೈಸೂರ್ ಪಾಕ ಅಲ್ಲ ಮೈಸೂರು
ಅದೇ ನಾನೂ ಹೇಳೋದು. ನಿರ್ಬಂಧ ಕಾಯಂ ಆದರೆ ಆ ನೆಪವೂ ಕಾಯಂ.

ಪಣಂಬೂರು ಕಡಲು
ಮಂಗಳೂರಿನವನಾಗಿ ಒಂದು ಮಾತು. ಒಂದು ಕಾಲದಲ್ಲಿ ಇರಾನ್ ತೈಲ ಭಾರತದಲ್ಲಿ ಜಾಸ್ತಿ ಕೊಳ್ಳುತ್ತಿದ್ದವರ ಸಾಲಿನಲ್ಲಿ ನಮ್ಮ ಮಂಗಳೂರು ರಿಫೈನರಿ ಎಂಆರ್‌ಪಿಎಲ್ ಮುಂದಿತ್ತು. 2013ರಲ್ಲಿ ಕೆಲವು ತಿಂಗಳು ನಿಂತಿತು. ಕಾರಣ ಏನು ಗೊತ್ತಾ? ತೈಲ ಇತ್ತು, ಕೊಡುವವರಿದ್ದರು, ಹಡಗೂ ಇತ್ತು. ಇರಾನ್ ತೈಲ ಸಂಸ್ಕರಿಸುವ ರಿಫೈನರಿಗೆ ವಿಮೆ ಮಾಡಲು ಕಂಪನಿಗಳು ಹಿಂದೇಟು ಹಾಕಿದವು! ವಿಮೆಯವರಿಗೆ ಮರುವಿಮೆ ಕೊಡುವವರು ಯುರೋಪಿನವರು, ಅವರಿಗೆ ಅಮೆರಿಕದ ಭಯ. ನಿರ್ಬಂಧ ಅಂದರೆ ಬಂದೂಕು ಹಿಡಿದು ಹಡಗು ತಡೆಯುತ್ತಾರೆ ಅಂತ ಜನ ಅಂದುಕೊಂಡಿದ್ದಾರೆ. ಅದು ನಡೆಯುವುದೆಲ್ಲ ಇಂಥ ಕಾಗದಪತ್ರದಲ್ಲಿ.

ಆಗ ದುಡ್ಡು ಕೊಡಲು ಒಂದು ದಾರಿ ಮಾಡಿದ್ದರು. ನೂರಕ್ಕೆ 45 ಭಾಗ ರೂಪಾಯಿಯಲ್ಲಿ, ಯೂಕೋ ಬ್ಯಾಂಕಿನಲ್ಲಿ. ಆ ರೂಪಾಯಿಯಲ್ಲಿ ಇರಾನ್ ನಮ್ಮಿಂದ ಬಾಸ್ಮತಿ, ಚಹಾ, ಔಷಧಿ ಕೊಳ್ಳುತ್ತಿತ್ತು. ಉಳಿದದ್ದು ಯೂರೋದಲ್ಲಿ ಟರ್ಕಿ ಮೂಲಕ, ಆ ದಾರಿಯೂ 2013ರಲ್ಲಿ ಮುಚ್ಚಿತು, ಬಾಕಿ ಬೆಳೆಯುತ್ತಾ ಹೋಗಿ 2016ರಲ್ಲಿ ತೀರಿಸಿದ್ದು. 2018ರಲ್ಲಿ ಟ್ರಂಪ್ ಅಣು ಒಪ್ಪಂದದಿಂದ ಹೊರಬಂದ ಮೇಲೆ ತೈಲ ಕೊಳ್ಳುವ ಎಂಟು ಕಡೆಯವರಿಗೆ ಆರು ತಿಂಗಳ ವಿನಾಯಿತಿ ಸಿಕ್ಕಿತು, ನಾವೂ ಅದರಲ್ಲಿದ್ದೆವು. 2019ರ ಮೇ ತಿಂಗಳಿಂದ ಸೊನ್ನೆ.

ಹಳೇ ಘಟ್ಟ
ಪಣಂಬೂರು ಅಂದಕೂಡಲೇ ನೆನಪಾಯಿತು. ಕುದುರೆಮುಖದ ಅದಿರು ಕಂಪನಿ ಹುಟ್ಟಿದ್ದೇ ಇರಾನ್‌ಗೋಸ್ಕರ! ಅಲ್ಲಿನ ದೊರೆ ಶಾ ಕಾಲದಲ್ಲಿ ಸಾಲ ಕೊಟ್ಟು, ಅದಿರು ನಮಗೇ ಕೊಡಿ ಅಂದಿದ್ದರು. ಬೆಟ್ಟದಿಂದ ಪಣಂಬೂರಿಗೆ 67 ಕಿಲೋಮೀಟರ್ ಪೈಪು ಹಾಕಿ ಅದಿರಿನ ರಾಡಿ ಹರಿಸುತ್ತಿದ್ದರು. ಎಲ್ಲ ರೆಡಿ ಆಗುವ ಹೊತ್ತಿಗೆ ಅಲ್ಲಿ ಕ್ರಾಂತಿ, ಸಾಲವೂ ಅರ್ಧಕ್ಕೆ ನಿಂತಿತು, ಅದಿರು ಕೇಳುವವರೂ ಇಲ್ಲ. ಇದೂ ನಿರ್ಬಂಧದ ಪರಿಣಾಮವೇ ಅಲ್ವಾ.

ಅಂಕಿಸಂಖ್ಯೆ ಶಾನುಭೋಗ
ಅಲ್ಲ ಸಾರ್. ಅದು ಕ್ರಾಂತಿಯ ಪರಿಣಾಮ. ಹೊಸ ಸರ್ಕಾರಕ್ಕೆ ಶಾ ಮಾಡಿದ ಯೋಜನೆ ಬೇಡವಾಗಿತ್ತು.

ಹಳೇ ಘಟ್ಟ
ಸರಿ ಸರಿ. ಆದರೂ ಕುದುರೆಮುಖದ ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿರುವ ಆ ಗಣಿಯ ಹೂಳು ನೋಡಿದರೆ ಟೆಹ್ರಾನ್ ನೆನಪಾಗುತ್ತೆ ನನಗೆ.

ದೇರಾ ಕನ್ನಡಿಗ
ನಾನು ದುಬೈನಲ್ಲಿ ಹದಿನಾರು ವರ್ಷ ಇದ್ದೆ, ದೇರಾ ಕ್ರೀಕ್ ಪಕ್ಕವೇ ಕೆಲಸ. ಅಲ್ಲಿ ಮರದ ದೋಣಿಗಳು ಸಾಲಾಗಿ ನಿಂತಿರುತ್ತವೆ, ದಡದ ಮೇಲೆ ಫ್ರಿಜ್ಜು, ಟೈರು, ಏಸಿ, ಬಿಸ್ಕತ್ತಿನ ಡಬ್ಬ, ಎಲ್ಲ ಬಿಸಿಲಲ್ಲಿ ರಾಶಿ. ರಾತ್ರಿ ಹೊರಟರೆ ಮಾರನೇ ದಿನ ಬಂದರ್ ಅಬ್ಬಾಸ್. ನಿರ್ಬಂಧ ಬಿಗಿಯಾದ ಹಾಗೆ ಸರಕು ನಿಲ್ಲುತ್ತೆ ಅಂದುಕೊಂಡಿದ್ದೆ. ಸರಕು ನಿಲ್ಲಲಿಲ್ಲ, ಮಧ್ಯದವರು ಜಾಸ್ತಿಯಾದರು. ಮೊದಲು ಇಬ್ಬರ ಕೈ ದಾಟುತ್ತಿದ್ದ ಪ್ರಿಂಟರ್ ಐದು ಜನರ ಕೈ ದಾಟುತ್ತಿತ್ತು, ಪ್ರತಿಯೊಬ್ಬನಿಗೂ ಅವನ ಪಾಲು.

ನಮ್ಮ ಅಂಗಡಿಗೆ ಬರುತ್ತಿದ್ದ ಒಬ್ಬ ಇರಾನಿ ವ್ಯಾಪಾರಿ 2015ರಲ್ಲಿ ಒಪ್ಪಂದ ಆದ ದಿನ ಸಪ್ಪೆ ಮುಖ ಮಾಡಿಕೊಂಡು ಕೂತಿದ್ದ. ಏನಾಯ್ತು ಭಾಯ್, ಖುಷಿ ಪಡಬೇಕಲ್ವಾ ಅಂದೆ. "ನಾಳೆಯಿಂದ ಎಲ್ಲರೂ ನೇರವಾಗಿ ತರಿಸಿಕೊಳ್ಳುತ್ತಾರೆ, ನನ್ನ ಹತ್ತಿರ ಯಾರು ಬರ್ತಾರೆ" ಅಂದ! 2018ರಲ್ಲಿ ಟ್ರಂಪ್ ಹೊರಬಂದಾಗ ಅವನೇ ಸ್ವೀಟ್ ಹಂಚಿದ, ಸುಳ್ಳಲ್ಲ. ಇಂಥವರಿಗೆ ಇರಾನ್‌ನಲ್ಲೇ ಒಂದು ಹೆಸರಿದೆ, 'ಕಾಸೆಬಾನೆ ತಹ್ರೀಮ್', ನಿರ್ಬಂಧದ ವ್ಯಾಪಾರಿಗಳು ಅಂತ. ಇವನು ಚಿಲ್ಲರೆ ಆಸಾಮಿ. ದೊಡ್ಡವರು ಇರಾನ್‌ನ ಸೇನಾಪಡೆ ರೆವಲ್ಯೂಷನರಿ ಗಾರ್ಡ್ಸ್ ನಂಟಿನವರು, ಬಂದರು ಅವರದು, ಗುತ್ತಿಗೆ ಅವರದು. ಗಡುವು ಇದ್ದರೆ ಇವರಿಗೆ ನಾಳೆ ಬಾಗಿಲು ಹಾಕಬೇಕಾಗಬಹುದು ಅನ್ನೋ ಭಯವಾದರೂ ಇರುತ್ತದೆ. ಕಾಯಂ ಮಾಡಿದರೆ ಇವರಿಗೆ ಕಾಯಂ ಲೈಸೆನ್ಸ್ ಕೊಟ್ಟ ಹಾಗೆ.

ಗೋಳಿಬಜೆ ಪ್ರಿಯ
ನಿರ್ಬಂಧ ಬಂತು ಅಂತ ಸ್ವೀಟ್ ಹಂಚಿದ ಮನುಷ್ಯ 😂😂 ಇದು ಈ ವಾರದ ಬೆಸ್ಟ್.

ತುಂಗಾಪಾನ
ಸದ್ದಾಂ ಕಾಲದ ಇರಾಕ್ ಮರೆತಿರಾ? 1990ರಿಂದ 2003ರವರೆಗೆ ನಿರ್ಬಂಧ, ಐದು ಲಕ್ಷ ಮಕ್ಕಳು ಸತ್ತರು. ವಿಶ್ವಸಂಸ್ಥೆಯಲ್ಲಿ ಆಗ ಅಮೆರಿಕದ ರಾಯಭಾರಿಯಾಗಿದ್ದ ಆಲ್‌ಬ್ರೈಟ್ ಟಿವಿಯಲ್ಲಿ ಕೂತು ಆ ಬೆಲೆ ಕೊಟ್ಟಿದ್ದು ಸಾರ್ಥಕ ಅನ್ನೋ ಅರ್ಥದಲ್ಲಿ ಮಾತಾಡಿದರು.

ಅಂಕಿಸಂಖ್ಯೆ ಶಾನುಭೋಗ
ಆಲ್‌ಬ್ರೈಟ್ ಹಾಗೆ ಹೇಳಿದ್ದು ನಿಜ, 1996ರಲ್ಲಿ. ಆಮೇಲೆ ಪಶ್ಚಾತ್ತಾಪವನ್ನೂ ಪಟ್ಟರು. ಆದರೆ ಆ ಐದು ಲಕ್ಷದ ಅಂಕಿ ನಿಲ್ಲುವುದಿಲ್ಲ. ಸದ್ದಾಂ ಆಡಳಿತದಡಿ ನಡೆದ ಸಮೀಕ್ಷೆಯಿಂದ ಬಂದದ್ದು. 2003ರ ನಂತರದ ಸಮೀಕ್ಷೆಗಳಲ್ಲಿ ಅಂಥ ಏರಿಕೆ ಕಾಣಲೇ ಇಲ್ಲ, ಅಂಕಿ ತಿರುಚಿದ್ದು ಅಂತ ಮುಂದೆ ಸಂಶೋಧಕರು ಬರೆದರು.

ತುಂಗಾಪಾನ
ಅಂದರೆ ಇರಾಕ್‌ನಲ್ಲಿ ಜನ ಚೆನ್ನಾಗಿದ್ದರು ಅಂತೀರಾ?

ಅಂಕಿಸಂಖ್ಯೆ ಶಾನುಭೋಗ
ಹಾಗಂದೆನಾ? ವಿಶ್ವಸಂಸ್ಥೆಯ ಪರವಾಗಿ ಅಲ್ಲಿನ ನೆರವಿನ ಕೆಲಸ ನೋಡಿಕೊಳ್ಳುತ್ತಿದ್ದ ಡೆನಿಸ್ ಹ್ಯಾಲಿಡೇ 1998ರಲ್ಲಿ, ಅವರ ಜಾಗಕ್ಕೆ ಬಂದ ಹಾನ್ಸ್ ಫಾನ್ ಸ್ಪೋನೆಕ್ 2000ದಲ್ಲಿ, ಇಬ್ಬರೂ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಪರಿಸ್ಥಿತಿ ಕೆಟ್ಟದಾಗಿತ್ತು. ಸುಳ್ಳು ಅಂಕಿ ಹೇಳಿದರೆ ನಿಜವಾದ ಕಷ್ಟವನ್ನೂ ಜನ ನಂಬಲ್ಲ, ಅದಕ್ಕೆ ಹೇಳಿದ್ದು.

ಎಚ್‌ಎಎಲ್ ಗೇಟು
ನಮ್ಮ ಬೆಂಗಳೂರಿಗೂ ಇದರ ಅನುಭವ ಇದೆ, ಯಾರೂ ಎತ್ತಲೇ ಇಲ್ಲ. 1998ರ ಮೇನಲ್ಲಿ ಪೋಖ್ರಾನ್ ಆಯಿತು, ಅಮೆರಿಕ ನಿರ್ಬಂಧ ಹೇರಿತು. ಆಗ ತೇಜಸ್ ವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗೆ ನಮ್ಮ ಎಂಜಿನಿಯರುಗಳು ಅಮೆರಿಕದಲ್ಲಿ ಲಾಕ್‌ಹೀಡ್ ಮಾರ್ಟಿನ್ ಜೊತೆ ಕೆಲಸ ಮಾಡುತ್ತಿದ್ದರು. ಅವರನ್ನು ವಾಪಸ್ ಕಳಿಸಿದರು. ಇಲ್ಲಿ ಬಂದು ತಾವೇ ಮುಗಿಸಿದರು, 2001ರ ಜನವರಿ 4ಕ್ಕೆ ವಿಮಾನ ಹಾರಿತು. ಅದಕ್ಕೂ ಮೊದಲು ಇಸ್ರೋ ರಾಕೆಟ್ಟಿನ ಕ್ರಯೋಜೆನಿಕ್ ಎಂಜಿನ್ ಕಥೆ. ನಿರ್ಬಂಧ ಹಾಕಿದ್ದರಿಂದಲೇ ನಾವು ಕಲಿತೆವು.

ಬೈಟ್ ಬೋರೇಗೌಡ
ಇದನ್ನು ಪ್ರತಿ ಸಲ ಹೇಳ್ತಾರೆ, ಬೆಲೆ ಹೇಳಲ್ಲ. 1993ರಲ್ಲಿ ಅಮೆರಿಕದ ಒತ್ತಡಕ್ಕೆ ರಷ್ಯಾ ತಂತ್ರಜ್ಞಾನ ಕೊಡಲ್ಲ ಅಂದಿತು. ನಮ್ಮದೇ ಕ್ರಯೋಜೆನಿಕ್ ಎಂಜಿನ್ ಸರಿಯಾಗಿ ಹಾರಿದ್ದು 2014ರ ಜನವರಿಯಲ್ಲಿ. ಇಪ್ಪತ್ತು ವರ್ಷ! ಕಾಲು ಮುರಿದದ್ದಕ್ಕೆ ತೋಳು ಗಟ್ಟಿಯಾಯಿತು ಅಂತ ಕಾಲು ಮುರಿದವನಿಗೆ ಥ್ಯಾಂಕ್ಸ್ ಹೇಳ್ತೀರಾ?

ಇರಾನ್‌ನಲ್ಲೂ ಇದೇ ವಾದ ಇದೆ, 'ಪ್ರತಿರೋಧದ ಆರ್ಥಿಕತೆ' ಅಂತ. ಡ್ರೋನ್ ಮಾಡಿದರು, ಕ್ಷಿಪಣಿ ಮಾಡಿದರು, ಒಪ್ಪೋಣ. ಆದರೆ ಏರ್‌ಬಸ್‌ನಿಂದ ನೂರು ವಿಮಾನಕ್ಕೆ ಆರ್ಡರ್ ಕೊಟ್ಟು ಕೈಗೆ ಬಂದಿದ್ದು ಮೂರು. ನನ್ನ ಫೀಲ್ಡಿನ ವಿಷಯ ಹೇಳುತ್ತೇನೆ. 2019ರಲ್ಲಿ ಪ್ರೋಗ್ರಾಮರ್‌ಗಳು ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಹಬ್ ಇರಾನ್‌ನ ಖಾತೆಗಳಿಗೆ ನಿರ್ಬಂಧ ಹಾಕಿತು. ಬೆಳಗ್ಗೆ ಎದ್ದು ನೋಡಿದರೆ ನಿಮ್ಮದೇ ಪ್ರೈವೇಟ್ ಕೋಡ್ ನಿಮಗೆ ಸಿಗಲ್ಲ. ಅಮೆರಿಕ ಸರ್ಕಾರದಿಂದ ಲೈಸೆನ್ಸ್ ಪಡೆದು ಪೂರ್ತಿ ತೆರೆದದ್ದು 2021ರಲ್ಲಿ. ಕೋಡ್ ಬರೆಯೋ ಹುಡುಗರು ಯುರೇನಿಯಂ ಸಂವರ್ಧಿಸುವ ಯಾವ ಸೆಂಟ್ರಿಫ್ಯೂಜ್ ತಿರುಗಿಸುತ್ತಿದ್ದರು?

ಅಂಕಿಸಂಖ್ಯೆ ಶಾನುಭೋಗ
ಪೋಖ್ರಾನ್ ಉದಾಹರಣೆಯಲ್ಲಿ ಇನ್ನೂ ಸ್ವಾರಸ್ಯ ಇದೆ. ನಿರ್ಬಂಧ ಹಾಕಿ ಎರಡು ತಿಂಗಳೊಳಗೇ ಅಮೆರಿಕದ ಕಾಂಗ್ರೆಸ್ ಕೃಷಿ ರಫ್ತಿಗೆ ರಿಯಾಯಿತಿ ಕೊಟ್ಟಿತು. ಯಾಕೆ ಗೊತ್ತಾ? ಪಾಕಿಸ್ತಾನ ಅವರ ಗೋಧಿಯ ದೊಡ್ಡ ಗಿರಾಕಿ, ಅವರದೇ ರೈತರು ಗಲಾಟೆ ಮಾಡಿದರು. 1999ರಲ್ಲಿ ಸೆನೆಟರ್ ಬ್ರೌನ್‌ಬ್ಯಾಕ್ ತಂದ ತಿದ್ದುಪಡಿಯಿಂದ ಅಧ್ಯಕ್ಷನಿಗೆ ನಿರ್ಬಂಧ ಸಡಿಲಿಸುವ ಅಧಿಕಾರ ಸಿಕ್ಕಿತು, ಗಡುವಿಲ್ಲದೆ. ಅಂದರೆ ನಮ್ಮ ವಿಷಯದಲ್ಲಿ ಕಾಯಂ ಮಾಡಿದ್ದು ನಿರ್ಬಂಧವನ್ನಲ್ಲ, ವಿನಾಯಿತಿಯ ಅಧಿಕಾರವನ್ನು! 2001ರ ಸೆಪ್ಟೆಂಬರ್‌ನಲ್ಲಿ ಬುಷ್ ಎತ್ತಿಹಾಕಿದರು, 2008ಕ್ಕೆ ನಮ್ಮ ಜೊತೆ ಅಣು ಒಪ್ಪಂದವೇ ಆಯಿತು. ಕ್ಯೂಬಾಗೆ ಆದದ್ದು ಇದರ ಉಲ್ಟಾ.

ಗೋಳಿಬಜೆ ಪ್ರಿಯ
ನಾನು ಮೊದಲೇ ಕ್ಯೂಬಾ ಅಂದಿದ್ದೆ 😎

ಅಂಕಿಸಂಖ್ಯೆ ಶಾನುಭೋಗ
ಅಂದಿದ್ದಿರಿ, ವಿವರಿಸಿರಲಿಲ್ಲ. 1962ರಲ್ಲಿ ಕೆನಡಿ ಹಾಕಿದ್ದು ಅಧ್ಯಕ್ಷನ ಆದೇಶ. ಸಹಿ ಹಾಕುವ ಮುನ್ನ ತನಗೆ ಬೇಕಾದ ಕ್ಯೂಬನ್ ಸಿಗಾರ್‌ಗಳನ್ನು ತರಿಸಿಟ್ಟುಕೊಂಡ ಅಂತ ಅವನ ಪತ್ರಿಕಾ ಕಾರ್ಯದರ್ಶಿಯೇ ಹೇಳಿಕೊಂಡಿದ್ದಾನೆ. 1996ರಲ್ಲಿ ಕ್ಯೂಬಾ ಎರಡು ಸಣ್ಣ ವಿಮಾನ ಹೊಡೆದುರುಳಿಸಿತು, ಆ ಸಿಟ್ಟಿನಲ್ಲಿ ಹೆಲ್ಮ್ಸ್-ಬರ್ಟನ್ ಕಾನೂನು ಪಾಸಾಯಿತು, ಇಡೀ ದಿಗ್ಬಂಧನವನ್ನು ಕಾನೂನಿನೊಳಗೆ ಕೂರಿಸಿದರು. 2014ರಲ್ಲಿ ಒಬಾಮ ರಾಯಭಾರ ಸಂಬಂಧ ಮತ್ತೆ ಶುರು ಮಾಡುತ್ತೇವೆ ಅಂತ ಘೋಷಿಸಿದರು, 2015ರಲ್ಲಿ ಶುರುವೂ ಆಯಿತು, ಆದರೆ ದಿಗ್ಬಂಧನ ಎತ್ತಲು ಅವರ ಕೈಯಲ್ಲಿ ಆಗಲಿಲ್ಲ. ವಿಶ್ವಸಂಸ್ಥೆಯಲ್ಲಿ 1992ರಿಂದ ಹೆಚ್ಚುಕಡಿಮೆ ಪ್ರತಿ ವರ್ಷ ಅದರ ವಿರುದ್ಧ ಮತ ಬೀಳುತ್ತದೆ. 2024ರಲ್ಲಿ 187 ದೇಶ ವಿರೋಧಿಸಿದವು, ಪರವಾಗಿ ಎರಡೇ. 2025ರಲ್ಲಿ ಅಮೆರಿಕ ಒತ್ತಡ ಹಾಕಿ 165ಕ್ಕೆ ಇಳಿಸಿತು. ಇಷ್ಟಾದರೂ ಕ್ಯೂಬಾದ ನಾಯಕ ಫಿಡೆಲ್ ಕ್ಯಾಸ್ಟ್ರೋ ತೊಂಬತ್ತನೇ ವಯಸ್ಸಿನಲ್ಲಿ, ಮುಪ್ಪಿನಿಂದಲೇ ತೀರಿಕೊಂಡ.

ನೇರಮಾತು
ಕ್ಯೂಬಾ ಹಾಳಾಗಿದ್ದು ಕ್ಯೂಬಾದಿಂದ. ಅಮೆರಿಕದಿಂದಲೇ ಅಲ್ಲಿಗೆ ಕೋಳಿ ಮಾಂಸ ಹೋಗುತ್ತೆ, 2000ದಿಂದ ಆಹಾರ ಮಾರಲು ಅನುಮತಿ ಇದೆ. ಅದನ್ನೂ ಹೇಳಿ.

ಅಂಕಿಸಂಖ್ಯೆ ಶಾನುಭೋಗ
ಹೌದು, ಮೊದಲು ನಗದು ಕೊಟ್ಟರೆ ಮಾತ್ರ. ಸಾಲ ಇಲ್ಲ.

ಕಟ್ಟೆಪುರಾಣ
ನೇರಮಾತು ಹೇಳಿದ್ದರಲ್ಲಿ ನನಗೆ ಸರಿ ಅನಿಸಿದ್ದು ಒಂದಿದೆ. ಗಡುವು ಅನ್ನೋದು ಕೆಟ್ಟ ಸಾಧನವೇ, ತಾರೀಕು ಬಂದಕೂಡಲೇ ಯಾರೂ ಒಳ್ಳೆಯವರಾಗಲ್ಲ. ತಾರೀಕಿನ ಬದಲು ಷರತ್ತು ಇಟ್ಟರೆ? ದಕ್ಷಿಣ ಆಫ್ರಿಕಾದ ಮೇಲೆ 1986ರಲ್ಲಿ ರೇಗನ್ ವೀಟೋವನ್ನೂ ಮೀರಿ ತಂದ ಕಾನೂನಿನಲ್ಲಿ ಮಂಡೇಲಾ ಬಿಡುಗಡೆ, ಪಕ್ಷಗಳ ಮೇಲಿನ ನಿಷೇಧ ತೆಗೆಯೋದು, ಹೀಗೆ ಷರತ್ತುಗಳನ್ನು ಬರೆದಿದ್ದರು. ಅವು ಈಡೇರಿದವು ಅಂತ 1991ರ ಜುಲೈನಲ್ಲಿ ದೊಡ್ಡ ಬುಷ್ ತೆಗೆದರು. (ನಾವು 1946ರಲ್ಲೇ ಅವರ ಜೊತೆ ವ್ಯಾಪಾರ ನಿಲ್ಲಿಸಿದ್ದೆವು.)

ಬೈಟ್ ಬೋರೇಗೌಡ
ಷರತ್ತು ಯಾರು ಬರೀತಾರೆ ಅನ್ನೋದೇ ಎಲ್ಲ. ಹೆಲ್ಮ್ಸ್-ಬರ್ಟನ್‌ನಲ್ಲೂ ಷರತ್ತು ಇದೆ, ಫಿಡೆಲ್, ಅವನ ತಮ್ಮ ರಾವುಲ್ ಇಬ್ಬರೂ ಇರದ ಸರ್ಕಾರ ಬರಬೇಕಂತೆ. ನೀನು ಸತ್ತರೆ ನಿನ್ನ ಸಾಲ ಮನ್ನಾ ಅಂದ ಹಾಗೆ.

ತುಂಗಾಪಾನ
ಷರತ್ತು ಪೂರೈಸಿದರೂ ಕಾನೂನು ಹೋಗಲ್ಲ. ರಷ್ಯಾದ ಮೇಲೆ ಜಾಕ್ಸನ್-ವಾನಿಕ್ ಅಂತ ವ್ಯಾಪಾರಕ್ಕೆ ತಡೆ ಹಾಕುವ 1974ರ ತಿದ್ದುಪಡಿ ಇತ್ತು. ಯಹೂದಿಗಳಿಗೆ ದೇಶ ಬಿಡಲು ಬಿಡುತ್ತಿಲ್ಲ ಅನ್ನೋ ಕಾರಣಕ್ಕೆ. ಸೋವಿಯತ್ ಒಕ್ಕೂಟವೇ 1991ರಲ್ಲಿ ಹೋಯಿತು, ಯಹೂದಿಗಳು ಲಕ್ಷಗಟ್ಟಲೆ ಇಸ್ರೇಲ್‌ಗೆ ಹೋದರು, ಕಾನೂನು ಮಾತ್ರ 2012ರ ಡಿಸೆಂಬರ್‌ವರೆಗೆ ಇತ್ತು! ಒಬ್ಬರಿಗೂ ತೆಗೆಯುವ ಅವಸರ ಇರಲಿಲ್ಲ. ಈ ಸಲ ಅಂಕಿ ಸರಿ ಇದೆಯಾ ಶಾನುಭೋಗರೇ?

ಅಂಕಿಸಂಖ್ಯೆ ಶಾನುಭೋಗ
ಪಕ್ಕಾ ಸರಿ. ನೂರಕ್ಕೆ ನೂರು ಮಾರ್ಕ್ಸ್.

ನೇರಮಾತು
ಸರಿ, ನನ್ನ ಕೊನೇ ಮಾತು. ಲಿಬಿಯಾ ಕೂಡ ಇದೇ 1996ರ ಕಾನೂನಿನಲ್ಲಿತ್ತು. ಗಡಾಫಿ 2003ರಲ್ಲಿ ಅಸ್ತ್ರಗಳನ್ನು ಬಿಟ್ಟುಕೊಟ್ಟ, 2006ರಲ್ಲಿ ಲಿಬಿಯಾ ಹೆಸರು ತೆಗೆದರು. ಅಂದರೆ ಬಗ್ಗಿದವನಿಗೆ ಬಾಗಿಲು ತೆರೀತಾರೆ. ಕಾಯಂ ಕಾನೂನಾದರೂ ತಿದ್ದಬಹುದು.

ದೇರಾ ಕನ್ನಡಿಗ
2011ರಲ್ಲಿ ಅದೇ ಗಡಾಫಿ ಬಂಡುಕೋರರ ಕೈಗೆ ಸಿಕ್ಕಿ ಹೇಗೆ ಸತ್ತ ಅನ್ನೋದನ್ನೂ ಟೆಹ್ರಾನ್‌ನಲ್ಲಿ ಕೂತು ನೋಡಿದ್ದಾರೆ ಅಣ್ಣಾ.

ನೇರಮಾತು
ಅದು... ಹ್ಮ್. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ನಾನು ಬದಲಾಗಿಲ್ಲ.

ಔಷಧಿ ಅಂಗಡಿ ಅಕ್ಕ
ಇಷ್ಟು ಮಾತಾಡಿದಿರಿ, ಔಷಧಿ ಬಗ್ಗೆ ಯಾರೂ ಹೇಳಲಿಲ್ಲ. ಕಾಗದದ ಮೇಲೆ ಔಷಧಿಗೆ ನಿರ್ಬಂಧ ಇಲ್ಲ. ಆದರೆ ದುಡ್ಡು ದಾಟಿಸಲು ಯಾವ ಬ್ಯಾಂಕೂ ಒಪ್ಪಲ್ಲ. ಎಪಿಡರ್ಮೋಲಿಸಿಸ್ ಬುಲ್ಲೋಸಾ ಅಂತ ಕಾಯಿಲೆ ಇದೆ, ಮಕ್ಕಳ ಚರ್ಮ ಚಿಟ್ಟೆ ರೆಕ್ಕೆ ಥರ, ಮುಟ್ಟಿದರೆ ಕಿತ್ತು ಬರುತ್ತದೆ. ಅವರಿಗೆ ಅಂಟದ ವಿಶೇಷ ಬ್ಯಾಂಡೇಜ್ ಬೇಕು, ಸ್ವೀಡನ್‌ನಿಂದ ಬರುತ್ತಿತ್ತು. 2018ರ ನಂತರ ಬರುವುದು ನಿಂತಿತು. ಮಾಮೂಲಿ ಬ್ಯಾಂಡೇಜ್ ಬಿಚ್ಚಿದರೆ ಚರ್ಮವೂ ಜೊತೆಗೆ ಬರುತ್ತೆ. ನಾನು ಅಂಗಡಿಯಲ್ಲಿ ದಿನಾ ಬ್ಯಾಂಡೇಜ್ ಮಾರುತ್ತೇನೆ, ಇದನ್ನು ಓದಿದ ದಿನ ನಿದ್ದೆ ಬರಲಿಲ್ಲ.

ಪಣಂಬೂರು ಕಡಲು
ಅಕ್ಕ, ಮತ್ತೆ ಅದೇ ವಿಮೆಯ ಕಥೆ. ಬೇಡ ಅಂತ ಯಾರೂ ಹೇಳಿಲ್ಲ, ಆದರೂ ಯಾರೂ ಕೊಡಲ್ಲ.

ಕಟ್ಟೆಪುರಾಣ
ಮೈಸೂರಿನವರೇ, ನಿಮ್ಮ ಆ ಸ್ನೇಹಿತನ ಜೊತೆ ಈಗಲೂ ಮಾತುಕತೆ ಇದೆಯಾ? ಅವನನ್ನೇ ಕೇಳಿದರೆ?

ಮೈಸೂರ್ ಪಾಕ ಅಲ್ಲ ಮೈಸೂರು
ನಿನ್ನೆ ರಾತ್ರಿ ಮೆಸೇಜ್ ಹಾಕಿದ್ದೆ, ಈಗ ಉತ್ತರ ಬಂತು. ಅವನು ಈಗ ಶಿರಾಜ್‌ನಲ್ಲಿ ಮೇಷ್ಟ್ರು, ಅಪ್ಪನ ಥರಾನೇ. ನಾವು ಓದುವಾಗ ಡಾಲರ್‌ಗೆ ಮೂವತ್ತು ಚಿಲ್ಲರೆ ಸಾವಿರ ರಿಯಾಲ್ ಇದ್ದಾಗಲೇ ಅಯ್ಯೋ ಅನ್ನುತ್ತಿದ್ದ, 2025ರಲ್ಲಿ ಹತ್ತು ಲಕ್ಷ ದಾಟಿದೆ. ಸರ್ಕಾರವನ್ನೂ ಬೈದ, ಅಮೆರಿಕವನ್ನೂ ಬೈದ, ಎರಡಕ್ಕೂ ಬೈಗುಳ ಬೇರೆ ಬೇರೆ. ಕಾಯಂ ಮಾಡ್ತಾರಂತೆ ಅಂದಿದ್ದಕ್ಕೆ, "ಇಷ್ಟು ದಿನ ಅದು ಕಾಯಂ ಆಗಿರಲಿಲ್ಲವಾ? ನನಗೆ ಯಾರೂ ಹೇಳಲೇ ಇಲ್ಲ" ಅಂತ ಬರೆದಿದ್ದಾನೆ. ಆಮೇಲೆ ಮಗಳ ಫೋಟೋ ಕಳಿಸಿದ.

ಔಷಧಿ ಅಂಗಡಿ ಅಕ್ಕ
ಆ ತಳ ಹಿಡಿದ ಅನ್ನ ಹೇಗೆ ಮಾಡೋದು ಅಂತ ಕೇಳಿ ಹಾಕಿ ತಮ್ಮಾ. ನಮ್ಮನೆಯಲ್ಲಿ ತಳ ಹಿಡಿದರೆ ಬೈಯುತ್ತಾರೆ.